ಸರಿಯಾಗಿ ಕಾಪಿ ಹೊಡೆಯೋಕೆ ಬರ್ದೇ ಇದ್ದೋರು

ತಂತಿ ಎಳೆಯೋದು ಅಂದ್ರೇನು ಅಂತ ನಂಗೆ ಹೇಳ್ಕೊಟ್ಟಿದ್ದು ಗಿಟಾರ್ ಮೇಷ್ಟ್ರಲ್ಲ, ನಮ್ಮ ದೊಡ್ಡಮ್ಮ.

36ನೇ ವಯಸ್ಸಲ್ಲಿ, ಮನೇಲಿ ಯಾರೂ ಬೇಕು ಅನ್ನದೇ ಇದ್ರೂ, ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರು, ಜೊತೆಗೊಂದು ಅದರ ಸದ್ದು ಜೋರು ಮಾಡೋ 10 ವಾಟಿನ ಪುಟಾಣಿ ಆಂಪು ತಗೊಂಡು ಬಂದಿದ್ದೆ. ಆಫೀಸಿಂದ ಬಂದು ಊಟ ಆದ್ಮೇಲೆ ದಿನಾ ಅರ್ಧ ಗಂಟೆ. ಒಂದು ತಿಂಗಳಿಂದ, ಬ್ಲೂಸ್ ಅನ್ನೋ ಅಮೆರಿಕದ ಕಪ್ಪು ಜನರ ಸಂಗೀತದ ದೊಡ್ಡ ಗಿಟಾರ್ ವಾದಕ ಬಿ.ಬಿ. ಕಿಂಗ್ ನುಡಿಸೋ ಒಂದೇ ಒಂದು ತುಣುಕು ಹಿಡ್ಕೊಂಡು ಕೂತಿದ್ದೆ, ಮೂರೇ ಮೂರು ಸ್ವರ, ಅದ್ರಲ್ಲೊಂದನ್ನ ತಂತಿ ತಳ್ಳಿ ಮೇಲಿನ ಸ್ವರಕ್ಕೆ ಏರಿಸಿ ಅಲ್ಲೇ ಅಲುಗಾಡಿಸಬೇಕು, ಅಷ್ಟೆ. ನಂದು ಒಂದೋ ಅರ್ಧಕ್ಕೇ ನಿಂತ್ಹೋಗೋದು, ಇಲ್ಲಾ ಹದ ತಪ್ಪಿ ಮುಂದಕ್ಕೆ ಹೋಗ್ಬಿಡೋದು, ಅಲುಗಾಡಿಸೋಕೆ ಹೋದ್ರೆ ಬೆಕ್ಕಿನ ಬಾಲ ತುಳಿದ ಹಾಗೆ ಕೇಳ್ಸೋದು. ಅದೇ ಟೈಮಿಗೆ ಯಾರದೋ ಮದುವೆಗೆ ಅಂತ ಮೈಸೂರಿಂದ ದೊಡ್ಡಮ್ಮ ಬಂದು ನಮ್ಮನೇಲೇ ನಾಕು ದಿನ ಉಳ್ಕೊಂಡಿದ್ರು. ನಲವತ್ತು ವರ್ಷದಿಂದ ವೀಣೆ ಪಾಠ ಹೇಳ್ತಿರೋ ಜೀವ. ಎರಡು ದಿನ ಸುಮ್ನೆ ಸಹಿಸ್ಕೊಂಡ್ರು, ಮೂರನೇ ದಿನ ಆಗ್ಲಿಲ್ಲ ಅನ್ಸುತ್ತೆ, ಹುರುಳಿಕಾಯಿ ಬಿಡಿಸ್ತಾ ಇದ್ದೋರು ಎದ್ದು ಬಂದು ನನ್ನ ಕೈ ನೋಡಿದ್ರು. "ಅದ್ಯಾಕೋ ಬರೀ ಬೆರಳಲ್ಲಿ ತಳ್ತೀಯ, ಕೈ ಎಲ್ಲಿಟ್ಟಿದೀಯ? ಮಣಿಕಟ್ಟಿಂದ ಬರ್ಬೇಕು. ಮೊದಲು ಮೇಲಿನ ಸ್ವರ ಬರೀ ಮೀಟಿ ಕೇಳಿಸ್ಕೊ, ಆಮೇಲೆ ಅಲ್ಲಿಗೆ ಎಳಿ. ಎಲ್ಲಿಗೆ ಹೋಗ್ಬೇಕು ಅಂತ ಕಿವಿಗೆ ಗೊತ್ತಿಲ್ದೇ ಎಳೆದ್ರೆ ಅದು ಗಮಕ ಅಲ್ಲ ಕಣೋ, ಗೋಳು."

ನಂಗೆ ಹೊಳೆದೇ ಇರ್ಲಿಲ್ಲ. ವೀಣೆಯಲ್ಲೂ ಮೆಟ್ಟಿಲ ಮೇಲೆ ತಂತೀನ ಪಕ್ಕಕ್ಕೆ ಎಳೆದೇ ಗಮಕ ತೆಗೆಯೋದು, ಬ್ಲೂಸ್ ಗಿಟಾರಲ್ಲೂ ಅದೇ. ಒಂದು ಕಡೆ ಮೇಣದ ಮೇಲೆ ಕೂರಿಸಿದ ಮೆಟ್ಟಿಲು, ಇನ್ನೊಂದು ಕಡೆ ಮರಕ್ಕೆ ಬಡಿದ ಫ್ರೆಟ್ಟು. ಖುಷಿಯಾಗಿ ಮೂಲವನ್ನೇ ಕೇಳಿಸೋಣ ಅಂತ ಫೋನಲ್ಲಿ ಬಿ.ಬಿ. ಕಿಂಗ್ 1964ರ ನವೆಂಬರಲ್ಲಿ ಶಿಕಾಗೋದ ರೀಗಲ್ ಥಿಯೇಟರಲ್ಲಿ ನುಡಿಸಿದ ಕಛೇರಿ ಹಾಕಿದೆ. ಜನರ ಕಿರುಚಾಟಕ್ಕೆ ಮೊದಲು ಮುಖ ಸಿಂಡರಿಸಿದ್ರು, ಆಮೇಲೆ ಹುರುಳಿಕಾಯಿ ಬಿಡಿಸೋದು ನಿಂತೋಯ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, "ಗಾಂಧಾರನ ಎಲ್ಲಿಡ್ತಾರೆ ನೋಡು, ಕೆಳಗಿನ ಸಾಧಾರಣಾನೂ ಅಲ್ಲ, ಮೇಲಿನ ಅಂತರಾನೂ ಅಲ್ಲ, ಮಧ್ಯದಲ್ಲಿ ಎಲ್ಲೋ. ಇವ್ರು ಯಾರ ಬಾನಿ?"

ಯಾರ ಬಾನಿ, ಅಂದ್ರೆ ಯಾವ ಗುರುವಿನ ಶೈಲಿ. ನಮ್ಮಲ್ಲಿ ಸಂಗೀತಗಾರರ ಬಗ್ಗೆ ಕೇಳೋ ಮೊದಲ ಪ್ರಶ್ನೆ ಅದು, ಊರು ಯಾವ್ದು ಅಂತ ಕೇಳೋಕಿಂತ ಮುಂಚೆ. ಅವತ್ತು ಏನೋ ಒಂದು ಉತ್ತರ ಹೇಳಿದೆ, ಅದು ಸಾಲದು ಅನ್ಸಿ ಇವತ್ತಿಗೂ ಹುಡುಕ್ತಾನೇ ಇದೀನಿ.

ಬಿ.ಬಿ. ಕಿಂಗ್ ಹುಟ್ಟಿದ್ದು 1925ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲಗಳ ಮಧ್ಯೆ. ಅವ್ರ ತಾಯಿ ಕಡೆ ನೆಂಟರೊಬ್ರು ಬುಕ್ಕಾ ವೈಟ್ ಅಂತ, ಹಳೇ ಕಾಲದ ಬ್ಲೂಸ್ ಹಾಡುಗಾರ, ಬೆರಳಿಗೆ ಲೋಹದ ಕೊಳವೆ ಹಾಕ್ಕೊಂಡು ತಂತಿ ಮೇಲೆ ಜಾರಿಸೋರು. ಸ್ಲೈಡ್ ಅಂತಾರೆ ಅದಕ್ಕೆ, ಕೆಲವ್ರು ಕೊಳವೆ ಬದಲು ಒಡೆದ ಬಾಟ್ಲಿ ಕುತ್ತಿಗೆ ಹಾಕ್ಕೊಳ್ಳೋರು. ಸ್ವರದಿಂದ ಸ್ವರಕ್ಕೆ ಜಾರು, ಜಾರಿದ ಮೇಲೆ ಸಣ್ಣ ನಡುಕ, ಮನುಷ್ಯ ಅತ್ತ ಹಾಗೆ. ಹುಡುಗ ಬಿ.ಬಿ.ಗೆ ಆ ಸದ್ದು ಅಂದ್ರೆ ಪ್ರಾಣ, ಆದ್ರೆ ಸ್ಲೈಡ್ ಹಿಡಿಯೋಕೆ ಬರ್ತಾನೇ ಇರ್ಲಿಲ್ಲ. ಎಷ್ಟೋ ಸಂದರ್ಶನಗಳಲ್ಲಿ ಅವ್ರೇ ಹೇಳ್ಕೊಂಡಿದ್ದಾರೆ. ಕೊಳವೆ ಆಗಲ್ಲ ಅಂದ್ರೆ ಬರೀ ಬೆರಳಲ್ಲೇ ಆ ನಡುಕ ಬರುತ್ತಾ ಅಂತ ನೋಡೋಕೆ ಹೋಗಿ ಹುಟ್ಟಿದ್ದು ಅವ್ರ ಫೇಮಸ್ ವೈಬ್ರಾಟೊ.

ಹಳೇ ವಿಡಿಯೋ ಸಿಕ್ಕಿದ್ರೆ ಆ ಎಡಗೈ ಒಂದನ್ನೇ ನೋಡಿ. ಹೆಬ್ಬೆರಳು ಗಿಟಾರಿನ ಕುತ್ತಿಗೆ ಬಿಟ್ಟೇ ಬಿಟ್ಟಿರುತ್ತೆ, ತೋರುಬೆರಳು ಮಾತ್ರ ತಂತಿ ಮೇಲೆ, ಉಳಿದ ಬೆರಳೆಲ್ಲ ಗಾಳೀಲಿ, ಇಡೀ ಅಂಗೈ ಚಿಟ್ಟೆ ರೆಕ್ಕೆ ಥರ ಪಟಪಟ ಅಲ್ಲಾಡುತ್ತೆ. ದೊಡ್ಡಮ್ಮ ಹೇಳಿದ್ದು ಸರಿ, ಬೆರಳಲ್ಲ, ಮಣಿಕಟ್ಟು. ಗಿಟಾರ್ ಹಿಡಿದೋರು ಈಗ ಮೊದಲ ವರ್ಷದಲ್ಲೇ ಕಲಿಯೋ ಈ ವಿದ್ಯೆಯಲ್ಲಿ, ನೆಂಟರ ಕೊಳವೆ ಸದ್ದನ್ನ ಕಾಪಿ ಹೊಡೆಯೋಕೆ ಹೋಗಿ ಸೋತ ಒಬ್ಬ ಹುಡುಗನ ಪಾಲು ತುಂಬಾ ದೊಡ್ಡದು.

ಇನ್ನೊಬ್ಬ ಗುರು ರೆಕಾರ್ಡಿನ ಒಳಗೆ ಇದ್ರು. ಟೆಕ್ಸಸ್ಸಿನ ಟಿ-ಬೋನ್ ವಾಕರ್. 1947ರಲ್ಲಿ ಬಂದ ಅವ್ರ 'ಸ್ಟಾರ್ಮಿ ಮಂಡೇ' ಹಾಡು ಕೇಳಿದ್ಮೇಲೆ ಎಲೆಕ್ಟ್ರಿಕ್ ಗಿಟಾರ್ ಬೇಕೇ ಬೇಕು ಅನ್ಸ್ತು ಅಂತ ಬಿ.ಬಿ. ಹೇಳ್ತಿದ್ರು. ಈ ಟಿ-ಬೋನ್ ಹುಡುಗ ಆಗಿದ್ದಾಗ ಡಲ್ಲಾಸ್ ಬೀದಿಗಳಲ್ಲಿ ಬ್ಲೈಂಡ್ ಲೆಮನ್ ಜೆಫರ್ಸನ್ ಅನ್ನೋ ಕಣ್ಣಿಲ್ಲದ ಗಾಯಕರ ಕೈ ಹಿಡ್ಕೊಂಡು ದಾರಿ ತೋರಿಸ್ತಿದ್ದ, ಹಾಡಾದ್ಮೇಲೆ ಜನ ಹಾಕೋ ಚಿಲ್ಲರೆ ಸೇರಿಸ್ತಿದ್ದ. ಪಾಠ ಅಂತ ಕೂರಿಸಿ ಯಾರೂ ಹೇಳ್ಕೊಟ್ಟಿದ್ದಲ್ಲ. ಕೈ ಹಿಡಿದು ನಡೆಸ್ತಿದ್ದೋನು ಶಿಷ್ಯ, ನಡೀತಿದ್ದೋರು ಗುರು.

ಬಿ.ಬಿ.ಗೆ ಬರ್ದೇ ಇದ್ದಿದ್ದು ಇನ್ನೂ ಇತ್ತು. ಹಾಡ್ತಾ ಹಾಡ್ತಾ ನುಡಿಸೋಕೆ ಬರ್ತಿರ್ಲಿಲ್ಲ, ಅದಕ್ಕೇ ಅವ್ರ ಹಾಡಲ್ಲಿ ಸಾಲು ಮುಗಿದ್ಮೇಲೆ ಗಿಟಾರು ಉತ್ತರ ಕೊಡುತ್ತೆ, ಪಕ್ಕವಾದ್ಯದ ಪಿಟೀಲಿನೋರು ಕೊಡೋ ಹಾಗೆ, ಆದ್ರೆ ಇಲ್ಲಿ ಇಬ್ರೂ ಒಬ್ರೇ. ಕಾರ್ಡ್ಸ್, ಅಂದ್ರೆ ಮೂರ್ನಾಕು ಸ್ವರ ಒಟ್ಟಿಗೆ ಹಿಡಿಯೋದೂ ಅಷ್ಟಕ್ಕಷ್ಟೆ ಅಂತ ಅವ್ರೇ ಒಪ್ಕೊಂಡಿದ್ರು. ಹೀಗೆ ಒಂದೊಂದೇ ತೆಗೆದು ಹಾಕಿದ್ರೆ ಉಳಿಯೋದು ಒಂದು ತಂತಿ, ಒಂದು ಸ್ವರ, ಒಂದು ನಡುಕ. ಅಷ್ಟರಲ್ಲೇ ಒಂದು ಜೀವಮಾನ. 1956ರ ಒಂದೇ ವರ್ಷ 342 ಕಛೇರಿ ಮಾಡಿದ್ರು, ನಂಗೆ ವರ್ಷಕ್ಕೆ ಅಷ್ಟು ದಿನ ಸ್ನಾನ ಮಾಡಿದ್ದೂ ಡೌಟು. (ಲೂಸಿಲ್ ಅಂತ ಗಿಟಾರಿಗೆ ಹೆಸರಿಟ್ಟ ಕಥೆ, ಬೆಂಕಿ ಬಿದ್ದ ಡಾನ್ಸ್ ಹಾಲ್, ಒಳಗೆ ನುಗ್ಗಿ ಗಿಟಾರ್ ತಂದಿದ್ದು, ಅದೆಲ್ಲ ಎಲ್ಲರೂ ಹೇಳ್ತಾರೆ, ಬಿಡಿ.)

ಬ್ಲೂಸ್ ಗಿಟಾರಿಗೆ ಕರೆಂಟ್ ಯಾಕೆ ಬಂತು ಅನ್ನೋದಕ್ಕೆ ಮಾತ್ರ ಬಾನಿಯಲ್ಲಿ ಉತ್ತರ ಇಲ್ಲ, ಗಲಾಟೇಲಿದೆ. ಇಪ್ಪತ್ತನೇ ಶತಮಾನದ ಮೊದಲ ಎಪ್ಪತ್ತು ವರ್ಷದಲ್ಲಿ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ಬಿಟ್ಟು ಉತ್ತರದ, ಪಶ್ಚಿಮದ ಊರುಗಳಿಗೆ ಗುಳೆ ಹೋದ್ರು, ಹೊಲದ ಜೀತದಂಥ ಬದುಕು, ಬಿಳಿಯರ ಹಿಂಸೆ ಎಲ್ಲ ಬಿಟ್ಟು ಫ್ಯಾಕ್ಟರಿ ಕೆಲ್ಸಕ್ಕೆ. ಹಾಗೆ 1943ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ರದ ಸ್ಟೋವಾಲ್ ಅನ್ನೋ ಎಸ್ಟೇಟಿಂದ ರೈಲು ಹತ್ತಿ ಶಿಕಾಗೋಗೆ ಬಂದೋರು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್. ಅದಕ್ಕೆ ಎರಡು ವರ್ಷ ಮುಂಚೆ ಅವ್ರ ಗುಡಿಸಲಿಗೇ ಅಲನ್ ಲೋಮ್ಯಾಕ್ಸ್ ಅನ್ನೋರು ಮಷೀನು ಹೊತ್ಕೊಂಡು ಬಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಅಂತ ಹಾಡು ರೆಕಾರ್ಡ್ ಮಾಡ್ಕೊಂಡಿದ್ರು. ಹೊಲದಲ್ಲಿ, ಜಗಲಿ ಮೇಲೆ ಸಾಕಾಗ್ತಿದ್ದ ಗಿಟಾರಿನ ಸದ್ದು ಶಿಕಾಗೋದ ಬಾರ್‌ಗಳಲ್ಲಿ ಯಾರಿಗೂ ಕೇಳ್ತಿರ್ಲಿಲ್ಲ, ಗ್ಲಾಸು, ಮಾತು, ಜಗಳ, ಕುಣಿತ. ಮನೆಯವ್ರೇ ಒಬ್ರು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ್ರು. ನುಡಿಸಿದ್ದು ಅದೇ ಹೊಲದ ಸ್ಲೈಡು, ಸನ್ ಹೌಸ್ ಅನ್ನೋ ಹಿರಿಯರನ್ನ ನೋಡಿ ನೋಡಿ ಕಲ್ತಿದ್ದು, ಆದ್ರೆ ಈಗ ಊರಿಗೇ ಕೇಳೋ ಹಾಗೆ. 1948ರಲ್ಲಿ ಅವ್ರ ಮೊದಲ ಹಿಟ್ ರೆಕಾರ್ಡು ಬಂತು.

ಶಿಕಾಗೋದಲ್ಲಿ ಎಲೆಕ್ಟ್ರಿಕ್ ಗಿಟಾರಲ್ಲಿ ಬ್ಲೂಸ್ ನುಡಿಸಿದ್ದು ಮಡ್ಡಿಯೇ ಮೊದಲು ಅಂತ ಬರೆಯೋರಿದ್ದಾರೆ, ಅದು ತಪ್ಪು. ಅವ್ರು ರೈಲು ಹತ್ತೋಕೆ ಮುಂಚೇನೇ, 1942ರ ಡಿಸೆಂಬರ್ 31ರ ರಾತ್ರಿ, ಶಿಕಾಗೋದ ಒಂದು ಕ್ಲಬ್ಬಲ್ಲಿ ಮೆಂಫಿಸ್ ಮಿನ್ನಿ ಅನ್ನೋ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಾ ಕೂತಿದ್ರು, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅದನ್ನ ಕೇಳಿ ಪೇಪರಲ್ಲಿ ಬರೆದ್ರು, ವೆಲ್ಡಿಂಗ್ ಮಷೀನು, ಉಕ್ಕಿನ ರೋಲಿಂಗ್ ಮಿಲ್ಲು ಎಲ್ಲ ಸೇರಿ ಸಂಗೀತ ಆದ ಹಾಗಿತ್ತು ಅನ್ನೋ ಅರ್ಥದಲ್ಲಿ. ಈ ವಂಶಾವಳಿ ಹೇಳೋವಾಗ ಆಯಮ್ಮನ ಹೆಸ್ರು ಯಾಕೋ ಯಾವಾಗ್ಲೂ ಬಿಟ್ಟೇ ಹೋಗುತ್ತೆ, ನಾನೂ ಬಹಳ ದಿನ ಬಿಟ್ಟಿದ್ದೆ.

ಆಂಪಿಂದು ಇನ್ನೊಂದು ತಮಾಷೆ. ಸಣ್ಣ ವಾಲ್ವ್ ಆಂಪುಗಳು, ಬಾರಿನ ಗಲಾಟೆ ಮೀರಬೇಕು ಅಂತ ವಾಲ್ಯೂಮು ಪೂರ್ತಿ ತಿರುಗಿಸಿದ್ರೆ ಸದ್ದು ಒಡೆದು ಗೊಗ್ಗರು ಆಗೋದು. ಇಂಜಿನಿಯರ್ ಲೆಕ್ಕದಲ್ಲಿ ಅದು ದೋಷ, ಸರಿ ಮಾಡ್ಬೇಕಾದ್ದು. ನುಡಿಸೋರ ಲೆಕ್ಕದಲ್ಲಿ ಅದು ಕೂಗಿ ಕೂಗಿ ಒಡೆದ ಗಂಟಲು. ಇವತ್ತು ಆ ದೋಷಾನ ಕಾಲಲ್ಲಿ ಒತ್ತೋ ಪೆಡಲ್ಲಲ್ಲಿ ತುಂಬಿ ಸಾವಿರಾರು ರೂಪಾಯಿಗೆ ಮಾರ್ತಾರೆ, ನಾನೇ ಎರಡು ತಗೊಂಡಿದೀನಿ.

ಇನ್ನೊಬ್ಬ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಶಿಕಾಗೋಗೆ ಬಂದ ದಿನಾಂಕ ಅವ್ರಿಗೆ ಹುಟ್ಟುಹಬ್ಬದ ಥರ ನೆನಪು, 1957ರ ಸೆಪ್ಟೆಂಬರ್ 25. ಲೂಸಿಯಾನದ ಹಳ್ಳಿ ಹುಡುಗ, ಮೊದಲ ವಾದ್ಯ ಅಂದ್ರೆ ಮನೆ ಕಿಟಕಿ ಜಾಲರಿಯ ತಂತಿ ಕಿತ್ತು ತಾನೇ ಕಟ್ಕೊಂಡಿದ್ದು. ಕೆಲ ತಿಂಗಳಲ್ಲೇ ದುಡ್ಡು ಖಾಲಿ, ಹೊಟ್ಟೇಲಿ ಏನೂ ಇಲ್ಲ, ವಾಪಸ್ ಊರಿಗೆ ಹೋಗ್ಬಿಡೋಣ ಅನ್ನೋ ಸ್ಥಿತಿ. ಆಗ ಒಂದು ರಾತ್ರಿ ಕ್ಲಬ್ಬಲ್ಲಿ ನುಡಿಸೋಕೆ ಚಾನ್ಸ್ ಸಿಕ್ತು, ಆ ಸುದ್ದಿ ಕೇಳಿ ಮಡ್ಡಿ ವಾಟರ್ಸ್ ಕಾರಲ್ಲಿ ಬಂದ್ರು, ಬರೋವಾಗ ಬ್ರೆಡ್ಡು, ಸಲಾಮಿ ಮಾಂಸ ಕಟ್ಟಿಸ್ಕೊಂಡು ಬಂದಿದ್ರು, ಹುಡುಗನ್ನ ಕಾರೊಳಗೆ ಕೂರಿಸಿ ಮೊದಲು ತಿನ್ನು ಅಂದ್ರು. ಬಡ್ಡಿ ಈ ಕಥೇನ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ನಂಗೆ ಇದನ್ನ ಓದಿದಾಗೆಲ್ಲ ನಮ್ಮ ಕಡೆ ಗುರುಗಳ ಮನೇಲಿ ಉಳ್ಕೊಂಡು ಪಾಠ ಮಾಡಿಸ್ಕೊಂಡೋರು ಸ್ವರಕ್ಕಿಂತ ಮೊದಲು ಗುರುಪತ್ನಿ ಹಾಕ್ತಿದ್ದ ಸಾರು ಅನ್ನ ನೆನೆಸ್ಕೊಳ್ಳೋದು ಜ್ಞಾಪಕ ಬರುತ್ತೆ.

ಆದ್ರೆ ಬಡ್ಡಿ ಮಡ್ಡಿಯ ಥರ ನುಡಿಸ್ಲಿಲ್ಲ. ಬಿ.ಬಿ.ಯ ನಡುಕ ತಗೊಂಡ್ರು, ಆದ್ರೆ ಬಿ.ಬಿ.ಯ ತಾಳ್ಮೆ ತಗೊಳ್ಳೋಕೆ ಆಗ್ಲಿಲ್ಲ, ಅದು ಅವ್ರ ಜಾಯಮಾನದಲ್ಲೇ ಇರ್ಲಿಲ್ಲ. ಗಿಟಾರ್ ಸ್ಲಿಮ್ ಅನ್ನೋರನ್ನ ನೋಡಿ ಉದ್ದದ ವೈರು ಹಾಕ್ಕೊಂಡು ನುಡಿಸ್ತಾ ನುಡಿಸ್ತಾ ಜನರ ಮಧ್ಯೆ, ಕ್ಲಬ್ಬಿನ ಬಾಗಿಲು ದಾಟಿ ರೋಡಿಗೇ ಹೋಗ್ಬಿಡೋರು. ಸ್ಟುಡಿಯೋದೋರಿಗೆ ಮಾತ್ರ ಇದು ಬರೀ ಗದ್ದಲ ಅನ್ಸಿ, ಲೈವಲ್ಲಿ ನುಡಿಸೋ ಹಾಗೆ ರೆಕಾರ್ಡಲ್ಲಿ ನುಡಿಸೋಕೆ ಬಿಡ್ಲಿಲ್ಲ. ವರ್ಷಗಟ್ಲೆ ಹಗಲು ಕೆಟ್ಟ ಗಾಡಿ ಎಳೆಯೋ ಟ್ರಕ್ ಓಡಿಸಿ ರಾತ್ರಿ ನುಡಿಸಿದ್ರು. ಹೆಸ್ರು ಮಾಡಿದ ಆಲ್ಬಂ ಬಂದಿದ್ದು 1991ರಲ್ಲಿ, ಆಗ ಅವ್ರಿಗೆ 55ರ ಹತ್ರ.

ಅಷ್ಟರಲ್ಲಿ ಅದೇ ಗದ್ದಲ ಸಮುದ್ರ ದಾಟಿತ್ತು. 1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಹೋದಾಗ ಹಳ್ಳಿ ಹಾಡು ಕೇಳೋಕೆ ಬಂದಿದ್ದ ಕೆಲವ್ರು ಗಿಟಾರಿನ ಆರ್ಭಟಕ್ಕೆ ಬೆಚ್ಚಿಬಿದ್ರು, ಸರಿ ಪಾಪ ಅಂತ ಮುಂದಿನ ಸಲ ಸಾದಾ ಗಿಟಾರ್ ತಗೊಂಡು ಹೋದ್ರೆ ಅಷ್ಟೊತ್ತಿಗೆ ಅಲ್ಲಿನ ಹುಡುಗರೆಲ್ಲ ಎಲೆಕ್ಟ್ರಿಕ್ ಹಿಡಿದು ಅದನ್ನೇ ಕೇಳ್ತಾ ಕೂತಿದ್ರು. ಮಡ್ಡಿಯದೇ ಹಾಡಿನ ಹೆಸ್ರಿಟ್ಕೊಂಡ ರೋಲಿಂಗ್ ಸ್ಟೋನ್ಸ್ ಬ್ಯಾಂಡು, 1966ರ ಆಲ್ಬಮ್ಮಲ್ಲಿ ಆಂಪು ಚೀರಿಸಿದ ಎರಿಕ್ ಕ್ಲಾಪ್ಟನ್, ಇವ್ರ ಕಥೆ ಎಲ್ಲಾ ಕಡೆ ಸಿಗುತ್ತೆ. ನಂಗೆ ಮುಖ್ಯ ಅನ್ಸೋದು ಬೇರೆ. ಕೈಯಿಂದ ಕೈಗೆ ಕದಿಯೋದು ಒಂದು, ಹೆಸ್ರು, ಕಾಸು ಕದಿಯೋದು ಇನ್ನೊಂದು. ಮಡ್ಡಿ 1962ರಲ್ಲಿ ಹಾಡಿದ ಒಂದು ಹಾಡು ಬರೆದೋರು ವಿಲ್ಲಿ ಡಿಕ್ಸನ್, ಲೆಡ್ ಜೆಪ್ಲಿನ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಒಂದು ಭಾರೀ ಹಿಟ್ಟಲ್ಲಿ ಅದರ ಸಾಲುಗಳು ಕಂಡ್ವು, ಡಿಕ್ಸನ್ ಹೆಸ್ರು ಮಾತ್ರ ಇರ್ಲಿಲ್ಲ. ಕೇಸ್ ಹಾಕಿ, 1987ರಲ್ಲಿ ರಾಜಿ ಆಗಿ, ಆಮೇಲೆ ಹೆಸ್ರು ಬಂತು. ಬ್ಲೂಸಲ್ಲಿ ಎಲ್ರೂ ಕದೀತಾರೆ ಅಂತ ನಗ್ತಾ ಹೇಳೋರು ಈ ಎರಡನ್ನೂ ಒಂದೇ ಪಾತ್ರೆಗೆ ಹಾಕ್ಬಿಡ್ತಾರೆ, ನಂಗೆ ಸಿಟ್ಟು ಬರುತ್ತೆ. ಋಣ ತೀರಿಸಿದೋರೂ ಇದ್ರು. ಟೆಕ್ಸಸ್ಸಿನ ಗಿಟಾರ್ ವಾದಕ ಜಾನಿ ವಿಂಟರ್ 1977ರಲ್ಲಿ ಮಡ್ಡಿಗೆ ತಾನೇ ಪ್ರೊಡ್ಯೂಸರ್ ಆಗಿ ನಿಂತು ಆಲ್ಬಂ ಮಾಡಿಸಿದ್ರು, ಅದಕ್ಕೆ ಗ್ರ್ಯಾಮಿ ಬಂತು. ಅದು ಬ್ಲೂಸಿನೋರು ಅಪರೂಪಕ್ಕೆ ನೋಡೋ ಗುರುದಕ್ಷಿಣೆ.

ಈಗ ಇನ್ನೊಬ್ಬ ಬ್ಲೂಸ್ ಗಿಟಾರ್ ವಾದಕ, ಆಲ್ಬರ್ಟ್ ಕಿಂಗ್. ಬಿ.ಬಿ.ಗೆ ಸಂಬಂಧ ಇಲ್ಲ, ಹೆಸ್ರು ಮಾತ್ರ. ಆರಡಿ ಮೀರಿದ ಆಳು, ಬುಲ್ಡೋಜರ್ ಓಡಿಸಿದ್ದ ಕೈ, ಎಡಚ. ಬಲಗೈಯೋರ ಗಿಟಾರನ್ನ ತಿರುಗಿಸಿ ಹಿಡ್ಕೊಂಡ್ರು, ತಂತಿ ಮಾತ್ರ ಬದಲಾಯಿಸ್ಲಿಲ್ಲ. ಅಂದ್ರೆ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ, ಎಲ್ಲಾ ಉಲ್ಟಾ. ಇದರಿಂದ ಏನಾಗುತ್ತೆ ಅಂತ ಒಂದ್ನಿಮಿಷ ಯೋಚನೆ ಮಾಡಿ. ನಾವು ಸಣ್ಣ ತಂತೀನ ಬೆರಳ ತುದೀಲಿ ಮೇಲಕ್ಕೆ ತಳ್ತೀವಿ, ಮೂರು ಬೆರಳು ಒಟ್ಟಿಗೆ ಹಾಕಿದ್ರೂ ಒಂದು ಮಿತಿ ಇದೆ. ಆಲ್ಬರ್ಟ್ ಅದನ್ನ ಕೆಳಕ್ಕೆ, ಅಂಗೈ ಒಳಕ್ಕೆ ಎಳೀತಿದ್ರು, ಬಾವಿಯಿಂದ ಹಗ್ಗ ಎಳೆದ ಹಾಗೆ, ಇಡೀ ತೋಳಿನ ಬಲ ಅದರ ಹಿಂದೆ. ನಾವು ಒಂದು ಸ್ವರ ಏರಿಸೋಕೆ ಒದ್ದಾಡಿದ್ರೆ ಅವ್ರು ಅದೇ ಜಾಗದಿಂದ ಎರಡು ಸ್ವರ ಏರಿಸಿ, ಅಲ್ಲಿ ನಿಂತು, ನಿಧಾನಕ್ಕೆ ಇಳೀತಿದ್ರು.

ಕಾಪಿ ಹೊಡೆಯೋಕೆ ಬಂದೋರಿಗೆ ಇದು ದೊಡ್ಡ ಕಷ್ಟ. ಬಲಗೈಯಲ್ಲಿ ನುಡಿಸೋರು ಆ ಎಳೆತ ತರಬೇಕು ಅಂದ್ರೆ ಅವ್ರ ದುಪ್ಪಟ್ಟು ಕಷ್ಟಪಡಬೇಕು. ಟೆಕ್ಸಸ್ಸಿನ ಗಿಟಾರ್ ವಾದಕ ಸ್ಟೀವಿ ರೇ ವಾನ್ ಹಾಗೇ ಕಷ್ಟಪಟ್ರು, ಅದೂ ಸಾಮಾನ್ಯ ಜನ ಹಾಕದ ದಪ್ಪ ತಂತಿ ಹಾಕ್ಕೊಂಡು, ಶ್ರುತಿ ಅರ್ಧ ಸ್ವರ ಇಳಿಸಿ, ಬೆರಳು ಕಿತ್ತೋಗೋವರೆಗೂ. 1983ರಲ್ಲಿ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿಯ 'ಲೆಟ್ಸ್ ಡಾನ್ಸ್' ಹಾಡಲ್ಲಿ ನುಡಿಸಿದ್ದು ಸ್ಟೀವಿಯೇ, ಆ ಗಿಟಾರ್ ತುಣುಕಿನ ತುಂಬಾ ಇರೋದು ಆಲ್ಬರ್ಟ್. ಪ್ರಪಂಚ ಪೂರ್ತಿ ಕುಣೀತು, ಯಾರ ಬಾನಿ ಅಂತ ಕೇಳಿದೋರು ಕಮ್ಮಿ.

ಅದೇ ವರ್ಷ ಡಿಸೆಂಬರಲ್ಲಿ ಕೆನಡಾದ ಹ್ಯಾಮಿಲ್ಟನ್ ಊರಿನ ಟಿವಿ ಸ್ಟುಡಿಯೋದಲ್ಲಿ ಇಬ್ರನ್ನೂ ಒಟ್ಟಿಗೆ ನುಡಿಸೋಕೆ ಕರೆಸಿದ್ರು. ಆಲ್ಬರ್ಟಿಗೆ ಆಗ ಅರವತ್ತು, ಬಾಯಲ್ಲಿ ಪೈಪು. ಸ್ಟೀವಿಗೆ ಇಪ್ಪತ್ತೊಂಬತ್ತು. ನಾನು ಇದನ್ನ ಎಷ್ಟು ಸಲ ನೋಡಿದೀನೋ. ಸ್ಟೀವಿ ಆಲ್ಬರ್ಟಿನದೇ ಎಳೆತಗಳನ್ನ ಆಲ್ಬರ್ಟ್ ಮುಂದೇನೇ ನುಡಿಸ್ತಾರೆ, ಮನೆಯವ್ರ ಮುಂದೆ ಮನೆ ಸಾಮಾನು ತೋರಿಸಿದ ಹಾಗೆ, ಸ್ವಲ್ಪ ಭಯ, ಸ್ವಲ್ಪ ಪೋಸು. ಮುದುಕ ಕೇಳ್ತಾ ಇರ್ತಾರೆ. ಸ್ಟೀವಿ ಸುರಿಮಳೆ ಥರ ನುಡಿಸಿ ಮುಗಿಸಿದ್ಮೇಲೆ ಆಲ್ಬರ್ಟ್ ಒಂದು ಸ್ವರ ಎಳೀತಾರೆ. ಒಂದೇ. ಅಲ್ಲಿಗೆ ಲೆಕ್ಕ ಚುಕ್ತಾ. ಆ ರೆಕಾರ್ಡಿಂಗ್ ಆಲ್ಬಂ ಆಗಿ ಬಂದಿದ್ದು 1999ರಲ್ಲಿ, ಆಗ ಇಬ್ರೂ ಇರ್ಲಿಲ್ಲ. ಮೊದಲು ಹೋಗಿದ್ದು ಶಿಷ್ಯ, 1990ರ ಆಗಸ್ಟಲ್ಲಿ, ವಿಸ್ಕಾನ್ಸಿನ್ನಲ್ಲಿ ಬಡ್ಡಿ ಗೈ, ಕ್ಲಾಪ್ಟನ್ ಜೊತೆ ನುಡಿಸಿ ವಾಪಸ್ ಹೋಗೋವಾಗ ಹೆಲಿಕಾಪ್ಟರ್ ಬಿದ್ದು, 35ನೇ ವಯಸ್ಸಿಗೆ. ಆಲ್ಬರ್ಟ್ ಅದಾಗಿ ಎರಡು ವರ್ಷ ಬದುಕಿದ್ರು.

ಇದನ್ನೆಲ್ಲ ಫೋನಲ್ಲಿ ದೊಡ್ಡಮ್ಮಂಗೆ ಕಂತು ಕಂತಾಗಿ ಹೇಳ್ತಿದ್ದೆ, ಅವ್ರಿಗೆ ಇಷ್ಟ ಆಗಿದ್ದು ಸನ್ ಹೌಸ್ ಕಥೆ. ಮಡ್ಡಿಗೆ ಮಾದರಿ ಆಗಿದ್ದ ಅದೇ ಸನ್ ಹೌಸ್. ಕಾಲಾಂತರದಲ್ಲಿ ಗಿಟಾರ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಅನ್ನೋ ಊರಲ್ಲಿ ಯಾರಿಗೂ ಗೊತ್ತಿಲ್ದೇ ಇದ್ಬಿಟ್ಟಿದ್ರು. 1964ರಲ್ಲಿ ಹುಡುಕ್ಕೊಂಡು ಹೋದ ಹುಡುಗರಿಗೆ ಮನುಷ್ಯ ಏನೋ ಸಿಕ್ರು, ಆದ್ರೆ ಅವ್ರ ಹಾಡು ಅವ್ರಿಗೇ ಮರೆತೋಗಿತ್ತು. ಆಗ ಅಲ್ ವಿಲ್ಸನ್ ಅನ್ನೋ ಇಪ್ಪತ್ತೊಂದು ವರ್ಷದ ಬಿಳಿ ಹುಡುಗ, ಹಳೇ ರೆಕಾರ್ಡ್ ತೇಯಿಸಿ ತೇಯಿಸಿ ಕಲ್ತಿದ್ದೋನು, ಅವ್ರ ಮುಂದೆ ಕೂತು ನೀವು 1930ರಲ್ಲಿ ಹೀಗೆ ನುಡಿಸಿದ್ರಿ, 1942ರಲ್ಲಿ ಹೀಗೆ ನುಡಿಸಿದ್ರಿ ಅಂತ ಒಂದೊಂದಾಗಿ ನೆನಪು ಮಾಡಿಸ್ದ. ದೊಡ್ಡಮ್ಮ ಬಹಳ ಹೊತ್ತು ಸುಮ್ನಿದ್ದು, "ನಂಗೂ ಈಗ ಎರಡು ವರ್ಣದ ಕೊನೆ ಸಾಲು ಮರ್ತೋಗಿದೆ, ಶಿಷ್ಯರನ್ನೇ ಕೇಳ್ತೀನಿ" ಅಂದ್ರು.

ಕ್ಲಾರ್ಕ್ಸ್‌ಡೇಲಲ್ಲಿ ಈಗ ಹಳೇ ರೈಲ್ವೇ ಗೂಡ್ಸ್ ಶೆಡ್ಡಲ್ಲಿ ಡೆಲ್ಟಾ ಬ್ಲೂಸ್ ಮ್ಯೂಸಿಯಂ ಇದೆ. ಮಡ್ಡಿ ವಾಟರ್ಸ್ ಇದ್ದ ಗುಡಿಸಲಿನ ಮರದ ಗೋಡೆಗಳನ್ನ ತಂದು ಅದರೊಳಗೆ ನಿಲ್ಲಿಸಿದ್ದಾರೆ. ಅದೇ ಮ್ಯೂಸಿಯಮ್ಮಿನ ಕ್ಲಾಸಲ್ಲಿ ಕಲಿತ ಆ ಊರಿನ ಹುಡುಗ ಕ್ರಿಸ್ಟೋನ್ ಇನ್‌ಗ್ರಾಮ್, ಹುಟ್ಟಿದ್ದು 1999ರಲ್ಲಿ, ಎಲ್ರೂ ಕಿಂಗ್‌ಫಿಶ್ ಅಂತಾರೆ (ಹೌದು, ನೀವು ಅಂದ್ಕೊಂಡಿದ್ದು ಅಲ್ಲ). ಬಡ್ಡಿ ಗೈ ಬೆನ್ನು ತಟ್ಟಿದ್ರು, 2022ರಲ್ಲಿ ಗ್ರ್ಯಾಮಿ ಬಂತು. ಅವ್ನ ಕೈಯಲ್ಲಿ ಬಿ.ಬಿ.ಯ ನಡುಕ ಇದೆ, ಬಡ್ಡಿಯ ಅವಸರ ಇದೆ, ಚರ್ಚಿನ ಹಾಡಿದೆ, ಪಾಪ್ ಗಾಯಕ ಪ್ರಿನ್ಸ್ ಕೂಡ ಇದಾರೆ. ಕೆಲವು ಕಡೆ ನಂಗೆ ಸ್ವರ ಜಾಸ್ತಿ ಆಯ್ತು ಅನ್ಸುತ್ತೆ, ವಯಸ್ಸಿನ ಬಿಸಿ, ಆಲ್ಬರ್ಟ್ ಇದ್ದಿದ್ರೆ ಎದುರಿಗೆ ಕೂತು ಪೈಪ್ ಸೇದ್ತಾ ಒಂದೇ ಸ್ವರ ಎಳೀತಿದ್ರು.

ಮೊನ್ನೆ ದೀಪಾವಳಿಗೆ ಬಂದಾಗ ದೊಡ್ಡಮ್ಮ ತಾವೇ ಕೇಳಿದ್ರು, ಅದನ್ನ ಕೊಡು ಇಲ್ಲಿ ಅಂತ. ಚಾಪೆ ಹಾಸ್ಕೊಂಡು ಚಕ್ಕಳಮಕ್ಕಳ ಹಾಕಿ ಕೂತು, ಗಿಟಾರನ್ನ ತೊಡೆ ಮೇಲೆ ವೀಣೆ ಥರ ಇಟ್ಕೊಂಡ್ರು. ನಾನು ಆಂಪ್ ಆನ್ ಮಾಡಿದೆ. ಸಣ್ಣ ತಂತಿ ಮೀಟಿ ಮಣಿಕಟ್ಟಿಂದ ಎಳೆದ್ರು. ವೀಣೆಯ ತಂತಿಗೆ ಪಳಗಿದ ಕೈ, ಇಷ್ಟು ಹಗುರದ ತಂತಿ ಅಂದ್ಕೊಂಡಿರ್ಲಿಲ್ಲ ಅನ್ಸುತ್ತೆ, ರಿಷಭಕ್ಕೆ ನಿಲ್ಲಬೇಕಾದ್ದು ಗಾಂಧಾರ ದಾಟಿ ಎಲ್ಲೋ ಹೋಯ್ತು. ಗಾಬರಿಯಾಗಿ ನಿಲ್ಲಿಸೋಕೆ ನೋಡಿದ್ರು, ಕೈ ನಡುಗ್ತು, ಆಂಪಲ್ಲಿ ಆ ನಡುಕ ಹಾಗೇ ಕೂಗ್ತಾ ಉಳೀತು, ವೀಣೆಯ ನಾದ ಸಾಯೋ ಹೊತ್ತಿಗೆ ಇದು ಸಾಯಲ್ವಲ್ಲ. "ಇದು ನಿಲ್ಲೋದೇ ಇಲ್ವೇನೋ?" ಅಂತ ನನ್ನ ಮುಖ ನೋಡಿದ್ರು. ವಾಲ್ಯೂಮ್ ಕಮ್ಮಿ ಮಾಡ್ಲಾ ದೊಡ್ಡಮ್ಮ ಅಂದೆ. "ಬೇಡ, ಇರು" ಅಂತ ಸೆರಗು ಸಿಕ್ಕಿಸ್ಕೊಂಡು ಮತ್ತೆ ಎಳೆದ್ರು, ಈ ಸಲ ಬೇಕು ಅಂತಾನೇ ಗಾಂಧಾರ ದಾಟಿಸಿ.